ಚಿತ್ರಪುಸ್ತಕವೋ, ಮಂಡಕ್ಕಿ ಅಂಟಿಸುವ ಕೈಕೆಲಸವೋ?

ಮಗಳಿಗೆ ಈಗ ನಾಲ್ಕು ತುಂಬಿದೆ. ಅವಳಿಗೆ ಕನ್ನಡ ಓದಿನ ರುಚಿ ಹತ್ತಿಸಲು ಎರಡು ದಾರಿ ಹಿಡಿದೆ. ರಾತ್ರಿ ಮಲಗುವ ಮುಂಚೆ ಚಿತ್ರಪುಸ್ತಕ. ಸಂಜೆ ಹೊತ್ತು ಅಂಟು, ಕತ್ತರಿ, ಹಿಟ್ಟು, ಬಣ್ಣದ ಕೈಕೆಲಸ. ಎರಡರಿಂದಲೂ ಲಾಭವಾಗಿದೆ, ಆದರೆ ಒಂದೇ ತರಹದ ಲಾಭ ಅಲ್ಲ.

ಅಕ್ಷರದ ಆಕಾರ ಕಲಿಸುವುದರಲ್ಲಿ ಕೈಕೆಲಸವೇ ಮುಂದೆ. ನಮ್ಮ ದಾವಣಗೆರೆಯ ಮನೆಗಳಲ್ಲಿ ಮಂಡಕ್ಕಿಗೆ ಬರವಿಲ್ಲ, ಅಲ್ವಾ? ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ದೊಡ್ಡದಾಗಿ ‘ರ’ ಬರೆದು, ಗೆರೆಯುದ್ದಕ್ಕೂ ಅಂಟು ಸವರಿ ಕೊಡುತ್ತೇನೆ. ಅವಳು ಒಂದೊಂದೇ ಮಂಡಕ್ಕಿ ಅಂಟಿಸುತ್ತಾಳೆ. ನಡುವೆ ಇನ್ನೊಂದು ಇಟ್ಟರೆ ‘ಠ’. ‘ದ’ದ ಹೊಟ್ಟೆಯೊಳಗೆ ಇಟ್ಟರೆ ‘ಥ’. ಪುಸ್ತಕದಲ್ಲಿ ಎಷ್ಟು ತೋರಿಸಿದರೂ ಅವಳ ಕಣ್ಣಿಗೆ ಬೀಳದ ಚುಕ್ಕೆ ಹೀಗೆ ಬೆರಳಿಗೆ ಸಿಕ್ಕಿತು. ಗೋಧಿ ಹಿಟ್ಟು ಹೊಸೆದು ‘ವ’ ಮಾಡಿ, ಬಲಗಡೆ ಬಾಲ ಸೇರಿಸಿ ‘ಮ’ ಮಾಡುವುದೂ ಅಷ್ಟೇ ಚೆನ್ನಾಗಿ ನಡೆಯಿತು. ಹಿಟ್ಟು ಹೊಸೆದ ಕೈಗೆ ಪೆನ್ಸಿಲ್ ಹಿಡಿಯುವ ಬಲವೂ ಬರುತ್ತದೆ.

ಆದರೆ ಒಂದು ಸಂಜೆಗೆ ಒಂದೋ ಎರಡೋ ಅಕ್ಷರ ಅಷ್ಟೇ. ವರ್ಣಮಾಲೆಯ 49 ಅಕ್ಷರ ಹೇಗೋ ಮುಗಿಯಬಹುದು. 34 ವ್ಯಂಜನಗಳ ಕಾಗುಣಿತಕ್ಕೆ ಬಂದರೆ ಲೆಕ್ಕ 400 ದಾಟುತ್ತದೆ, ಒತ್ತಕ್ಷರ ಬೇರೆ. ಅಷ್ಟನ್ನೂ ಅಂಟಿಸುತ್ತಾ ಕೂರಲು ಆಗುವುದಿಲ್ಲ. ಅವು ಪದಗಳ ಒಳಗೆ ಮತ್ತೆ ಮತ್ತೆ ಎದುರಾಗಬೇಕು.

ಅದು ಆಗುವುದು ಚಿತ್ರಪುಸ್ತಕದಲ್ಲಿ. ಸಾಲಿನ ಕೆಳಗೆ ಬೆರಳಿಟ್ಟು ಓದಿದರೆ, ಓದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಪುಟ ತಿರುಗಿಸುವ ಮುಂಚೆ ‘ಮುಂದೇನಾಗುತ್ತೆ?’ ಅಂತ ಕೇಳಿದರೆ ಚಿತ್ರ ನೋಡಿ ಊಹಿಸುತ್ತಾಳೆ, ಅವಳದ್ದೇ ಕಥೆ ಕಟ್ಟುತ್ತಾಳೆ. ಅದೇ ಪುಸ್ತಕ ಮತ್ತೆ ಬೇಕು ಅಂದರೆ ದಯವಿಟ್ಟು ಬೇಸರಪಡಬೇಡಿ. ಬಾಯಿಪಾಠವಾದ ಸಾಲಿನಲ್ಲೇ ಮಕ್ಕಳು ಅಕ್ಷರ ಹುಡುಕಲು ಶುರುಮಾಡುತ್ತಾರೆ.

ಖರ್ಚಿನ ಚಿಂತೆಯೂ ಜಾಸ್ತಿ ಇಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಒಂದನೇ ಹಂತದವು ಚಿಕ್ಕವರಿಗೆ ಸರಿ, ಪುಟಕ್ಕೆ ಕೆಲವೇ ಪದ. ಮೊಬೈಲ್‌ನಲ್ಲಿ ತೋರಿಸಿದರೆ ಅವಳು ಸರಸರ ಪುಟ ಸರಿಸಿಬಿಡುತ್ತಾಳೆ. ಪ್ರಿಂಟ್ ತೆಗೆಸಿ ಹೊಲಿದು ಕೊಟ್ಟದ್ದನ್ನು ಮಾತ್ರ ಜೋಪಾನ ಮಾಡುತ್ತಾಳೆ. ಅಂಗಡಿಯ ಕೈಕೆಲಸದ ಕಿಟ್ ನನಗೆ ಹಿಡಿಸಲಿಲ್ಲ. ನಾನು ನೋಡಿದವುಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ತುಂಬಿದ್ದವು.

ದಿನಕ್ಕೆ ಒಂದಕ್ಕೆ ಮಾತ್ರ ಪುರುಸೊತ್ತು ಅಂದರೆ ನಾನು ಪುಸ್ತಕವನ್ನೇ ಹಿಡಿಯುತ್ತೇನೆ. ಗೊಂದಲದ ಅಕ್ಷರಗಳಿಗೆ ಭಾನುವಾರ ಮಂಡಕ್ಕಿ ಸಾಕು. ಹರಿಹರದಲ್ಲಿರುವ ತಂಗಿಯ ಮಗನ ವಿಷಯ ಬೇರೆ. ಅವನು ಕೂತಲ್ಲಿ ಕೂರುವುದಿಲ್ಲ. ಅಂಥ ಮಕ್ಕಳಿಗೆ ಮೊದಲು ಕೈಗೊಂದು ಕೆಲಸ ಕೊಡಿ. ಅವನು ಕಾಗದ ಹರಿದು ಆನೆ ಅಂಟಿಸುವಾಗ ಪಕ್ಕದಲ್ಲೇ ಆನೆಯ ಕಥೆ ಓದಿದರೆ ಪೂರ್ತಿ ಕೇಳುತ್ತಾನೆ.