ಬಳ್ಳಾರಿಯ ಅಂಗಡಿಯೊಂದರ ವೈಟುಕೆ ತಪಾಸಣೆ: 2000ದ ಹೊಸ ವರ್ಷ ಬಂದ ಮೇಲಿನ ಅಭಿಪ್ರಾಯ

ಬಳ್ಳಾರಿಯ ರಾಯಲ್ ಸರ್ಕಲ್ ಬಳಿಯ ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿಯೊಂದು 1999ರ ಡಿಸೆಂಬರಿನಿಂದ ಮನೆ ಕಂಪ್ಯೂಟರುಗಳ ವೈಟುಕೆ ತಪಾಸಣೆ ಮಾಡಿಕೊಡುತ್ತಿತ್ತು. ವರ್ಷವನ್ನು ಎರಡೇ ಅಂಕಿಯಲ್ಲಿ ಎಣಿಸುವ ಯಂತ್ರಗಳು 2000ವನ್ನು 1900 ಎಂದು ತಿಳಿಯುವ ತೊಂದರೆಗೆ ವೈಟುಕೆ ಎಂದು ಹೆಸರು. 2000ನೇ ಇಸವಿ ಬಂದು, ನಮ್ಮ ಲೆಕ್ಕಪತ್ರಗಳು ಹೊಸ ದಿನಾಂಕದಲ್ಲಿ ನಡೆದುದರಿಂದ ಆ ಕೆಲಸದ ಗುಣವನ್ನು ಖಚಿತವಾಗಿ ಹೇಳಬಹುದು.

ನಮ್ಮದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆಯ ಚಿಕ್ಕ ಘಟಕ. ಹೊಲಿಗೆಯವರ ಕೂಲಿ, ಬಟ್ಟೆ ವ್ಯಾಪಾರಿಗಳ ಬಾಕಿ, ಬಿಲ್ಲು ಎಲ್ಲವೂ ಮನೆಯಲ್ಲಿದ್ದ ಹಳೆಯ 486 ಮಾದರಿಯ ಕಂಪ್ಯೂಟರಿನಲ್ಲಿ, ಮಾಹಿತಿಯನ್ನು ಪಟ್ಟಿಗಳಾಗಿ ಇಡುವ ಫಾಕ್ಸ್‌ಪ್ರೊ ಪ್ರೋಗ್ರಾಮಿನಲ್ಲಿದ್ದವು. ಬೇರೊಂದು ಅಂಗಡಿಯವರು ಡಬ್ಬಿಯನ್ನು ಬಿಚ್ಚಿಯೂ ನೋಡದೆ, ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡ್ ಉಪಯೋಗಕ್ಕೆ ಬಾರದು, ಹೊಸ ಯಂತ್ರವನ್ನೇ ಕೊಳ್ಳಿ ಎಂದಿದ್ದರು.

ರಾಯಲ್ ಸರ್ಕಲ್ ಬಳಿಯ ಅಂಗಡಿಯವರು ಮೊದಲು ಕಡತಗಳನ್ನೆಲ್ಲ ಫ್ಲಾಪಿಗೆ (ಹೊರತೆಗೆಯಬಹುದಾದ ಚಿಕ್ಕ ಡಿಸ್ಕಿಗೆ) ಬ್ಯಾಕಪ್ ಮಾಡಿದರು. ಬಳಿಕ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಾದ ಡಾಸ್ ಇರುವ ಪ್ರತ್ಯೇಕ ಫ್ಲಾಪಿಯಿಂದ ಯಂತ್ರವನ್ನು ಚಾಲೂ ಮಾಡಿ, ದಿನಾಂಕವನ್ನು 31-12-1999ಕ್ಕೂ ವೇಳೆಯನ್ನು ರಾತ್ರಿ 11:58ಕ್ಕೂ ಇಟ್ಟು, ಒಮ್ಮೆ ಯಂತ್ರ ನಡೆಯುತ್ತಿರುವಾಗಲೂ ಇನ್ನೊಮ್ಮೆ ಆರಿಸಿಟ್ಟೂ ಪರೀಕ್ಷಿಸಿದರು. ಯಂತ್ರದೊಳಗಿನ ಗಡಿಯಾರದ ಚಿಪ್ ವರ್ಷದ ಕೊನೆಯ ಎರಡು ಅಂಕಿಗಳನ್ನಷ್ಟೇ ಮುಂದಕ್ಕೆ ಎಣಿಸುತ್ತದೆ. ಶತಮಾನದ ಅಂಕಿ ಬೇರೆಡೆ ಇರುತ್ತದೆ, ಅದನ್ನು ಬದಲಿಸಬೇಕಾದದ್ದು ಬಯಾಸ್, ಅಂದರೆ ಯಂತ್ರ ಚಾಲೂ ಆದೊಡನೆ ಮೊದಲು ನಡೆಯುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮು. ಬಯಾಸ್ ಅದನ್ನು ಬದಲಿಸದಿದ್ದರೆ ವರ್ಷ 1900 ಎಂದಾಗುತ್ತದೆ, 1980ಕ್ಕಿಂತ ಹಿಂದಿನ ದಿನಾಂಕವನ್ನೇ ಒಪ್ಪದ ಡಾಸ್ ಆಗ 4 ಜನವರಿ 1980 ಎಂದು ತೋರಿಸುತ್ತದೆ. ಆರಿಸಿಟ್ಟು ನೋಡಿದಾಗ ನಮ್ಮಲ್ಲಿ ಆದದ್ದೂ ಇದೇ. ಆದರೆ ದಿನಾಂಕವನ್ನು ಒಮ್ಮೆ ಕೈಯಿಂದ ಸರಿಪಡಿಸಿದ ಮೇಲೆ ಅದು ಹಾಗೆಯೇ ಉಳಿಯಿತು, ಹೊಸ ಬೋರ್ಡಿನ ಅಗತ್ಯ ಬೀಳಲಿಲ್ಲ. ಅವಾರ್ಡ್ ಕಂಪನಿಯ ಬಯಾಸಿನ ಕೆಲವು ಆವೃತ್ತಿಗಳಲ್ಲಿ ಚಾಲೂ ಮಾಡಿದಾಗಲೆಲ್ಲ 2094 ಎಂದು ಬರುವುದುಂಟು, ಅಂಥವಕ್ಕೆ ಕೈಯಿಂದ ತಿದ್ದುವುದು ಸಾಲದು. ಬ್ಯಾಟರಿ ಸತ್ತಿದ್ದರೂ ದಿನಾಂಕ ತಪ್ಪುತ್ತದೆ, ಅದಕ್ಕೂ ವೈಟುಕೆಗೂ ಸಂಬಂಧವಿಲ್ಲ ಎಂಬುದನ್ನು ಅವರು ತಾಳ್ಮೆಯಿಂದ ತಿಳಿಸಿದರು.

ಈ ಅಂಗಡಿಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದರ ಮುಂದಿನ ಕೆಲಸಕ್ಕಾಗಿ. ಯಂತ್ರದ ಗಡಿಯಾರ ಸರಿಹೋದ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಫಾಕ್ಸ್‌ಪ್ರೊ ತನ್ನ ಕಡತದಲ್ಲಿ ವರ್ಷದ ನಾಲ್ಕೂ ಅಂಕಿಗಳನ್ನು ಇಟ್ಟುಕೊಳ್ಳುತ್ತದೆಯಾದರೂ, ಪರದೆಯ ಮೇಲೆ ಎರಡೇ ಅಂಕಿಗೆ ಜಾಗವಿದ್ದಾಗ ನಾವು ಬರೆದ 00 ಅನ್ನು 1900 ಎಂದೇ ತೆಗೆದುಕೊಳ್ಳುತ್ತದೆ. ಹಾಗಾದರೆ ಜನವರಿಯ ಬಾಕಿ ನೂರು ವರ್ಷದ ಹಳೆಯ ಬಾಕಿಯಾಗಿ ಪಟ್ಟಿಯ ತಲೆಗೆ ಹೋಗಿ ಕೂರುತ್ತದೆ. ಅವರು ಪ್ರೋಗ್ರಾಮಿನಲ್ಲಿ ವರ್ಷವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವ ಸೆಟ್ ಸೆಂಚುರಿ ಆನ್ ಎಂಬ ಆದೇಶವನ್ನು ಸೇರಿಸಿ, ದಿನಾಂಕದ ಅಂಕಣಗಳನ್ನು ಅಗಲಗೊಳಿಸಿ, ಎರಡೂ ವರ್ಷಗಳಿಗೆ ಸೇರಿದ ಒಂದು ವಾರದ ಕೂಲಿಯನ್ನು ಮಾದರಿಗಾಗಿ ಹಾಕಿ ತೋರಿಸಿದರು. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಎಕ್ಸೆಲ್ 97 ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಮಿನಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ತೋರಿಸಿಕೊಟ್ಟರು: ಅದು 00ರಿಂದ 29ರವರೆಗಿನ ಅಂಕಿಗಳನ್ನು ಎರಡು ಸಾವಿರದ ಇಸವಿಗಳೆಂದು ಎಣಿಸುವುದರಿಂದ, 28 ಎಂದು ಬರೆದರೆ 1928ರಲ್ಲಿ ಹುಟ್ಟಿದ ಹಿರಿಯರ ಜನ್ಮವರ್ಷ 2028 ಆಗುತ್ತದೆ.

ಕೊರತೆಗಳೂ ಇವೆ. ಪ್ರೋಗ್ರಾಮ್ ತಿದ್ದುವುದಕ್ಕೆ ಬೇರೆ ಶುಲ್ಕವಿದೆಯೆಂದು ಮುಂಚಿತವಾಗಿ ಹೇಳಲಿಲ್ಲ. ತಪಾಸಣೆಯ ವರದಿ ಇಂಗ್ಲಿಷಿನಲ್ಲಷ್ಟೇ ಇದ್ದುದರಿಂದ ಮನೆಯ ಹಿರಿಯರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಬಿಲ್ಲನ್ನು ಮುದ್ರಿಸಿ ನೋಡಿರಲಿಲ್ಲ. ಬಿಲ್ಲಿನ ತಲೆಯಲ್ಲಿ 19 ಎಂಬುದನ್ನು ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿಟ್ಟಿದ್ದರಿಂದ ಜನವರಿಯ ಮೊದಲ ಬಿಲ್ಲು 1900 ಎಂದು ಅಚ್ಚಾಯಿತು. ಹೇಳಿಕಳಿಸಿದೊಡನೆ ಮನೆಗೆ ಬಂದು, ಹಣ ಪಡೆಯದೆ ಸರಿಪಡಿಸಿದರೆಂಬುದನ್ನೂ ಹೇಳಲೇಬೇಕು.

ಜನವರಿ ಸುಗಮವಾಗಿ ಕಳೆದವರೂ ಫೆಬ್ರವರಿ 29 ಅನ್ನು ಪರೀಕ್ಷಿಸಿಕೊಳ್ಳಬೇಕಿತ್ತು. ನೂರರಿಂದ ಭಾಗವಾಗುವ ವರ್ಷ ಸಾಮಾನ್ಯವಾಗಿ ಅಧಿಕ ವರ್ಷವಲ್ಲ. ಆದರೆ 2000 ನಾನೂರರಿಂದಲೂ ಭಾಗವಾಗುವುದರಿಂದ ಅಧಿಕ ವರ್ಷವೇ, ಈ ನಿಯಮವನ್ನು ಅರ್ಧ ಮಾತ್ರ ಅರಿತ ಪ್ರೋಗ್ರಾಮುಗಳಿದ್ದವು. 2000ದ ಆರಂಭದಲ್ಲೂ ಅಂಗಡಿಯವರು ಈ ತಪಾಸಣೆಯನ್ನು ಮಾಡಿಕೊಡುತ್ತಿದ್ದರು. ಹೋಗುವವರು ತಮ್ಮ ಪ್ರೋಗ್ರಾಮಿನ ಮೂಲ ಫ್ಲಾಪಿಯನ್ನೂ ಹಳೆಯ ಬಿಲ್ಲೊಂದನ್ನೂ ಜೊತೆಗೆ ಒಯ್ದು, ಹೊಸ ದಿನಾಂಕದ ಬಿಲ್ಲನ್ನು ಅಲ್ಲಿಯೇ ಮುದ್ರಿಸಿ ತೋರಿಸುವಂತೆ ಕೇಳುವುದು ಒಳ್ಳೆಯದಿತ್ತು.