ನೀರಿನ ಮಾತ್ರೆಗಳಲ್ಲಿ ಯಾವುದು ಯಾರಿಗೆ?

ಕಲಬುರಗಿಯ ಗೆಳೆಯರೊಬ್ಬರ ಪ್ರಶ್ನೆ: ತಾಯಿಗೆ ಬಿಪಿ ಇದೆ, ಸಂಜೆಯಾದರೆ ಕಾಲೂ ಊದುತ್ತದೆ, ಯಾವ ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯಲ್ಲಿನ ಹೆಚ್ಚುವರಿ ನೀರು ಇಳಿಸುವ ಮಾತ್ರೆ) ಸರಿ? ಮೊದಲು ಊತದ ಕಾರಣವನ್ನು ವೈದ್ಯರು ಹುಡುಕಲಿ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಕೂಡ ಕಾಲು ಊದಿಸುತ್ತದೆ. ಆ ಊತ ನೀರಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ.

ಬಿಪಿಯೇ ಮುಖ್ಯವಾದರೆ ಕ್ಲೋರ್ಥಾಲಿಡೋನ್ ಒಳ್ಳೆಯದು: ದಿನಕ್ಕೊಂದು ಸಾಕು, ಪರಿಣಾಮ 24 ಗಂಟೆ ಮೀರಿ ನಿಲ್ಲುತ್ತದೆ. ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇದ್ದವರು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಊತ, ಏದುಸಿರು ಜೋರಾಗಿದ್ದರೆ ಫ್ಯುರೋಸೆಮೈಡ್. ಗಂಟೆಯೊಳಗೆ ಕೆಲಸ ಶುರು, ಸುಮಾರು 6 ಗಂಟೆಗೆ ಮುಗಿಯಿತು. ನುಂಗಿ ಬೀದರ್ ಬಸ್ ಹತ್ತಿದರೆ ಹುಮನಾಬಾದ್ ತಲುಪುವುದೇ ದೊಡ್ಡ ಪರೀಕ್ಷೆ! ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ, ಬೆಳಿಗ್ಗೆಯೇ ಲೇಸು.

ಇವೆರಡೂ ರಕ್ತದ ಪೊಟ್ಯಾಸಿಯಂ ಇಳಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಅದನ್ನು ಉಳಿಸುತ್ತದೆ. ಯಕೃತ್ತಿನ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಅದೇ ಮುಂದು. ಆದರೆ ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಪೊಟ್ಯಾಸಿಯಂ ಹೆಚ್ಚಿರುವ ಎಳನೀರನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಮೂರಕ್ಕೂ ಜೆನೆರಿಕ್ ಇದೆ, ಆದರೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಅಂಶ) ಪರೀಕ್ಷೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಮೇ ತಿಂಗಳ ಬಿಸಿಲು ಮೂರಕ್ಕೂ ವೈರಿ: ಬೆವರಿನಲ್ಲೂ ನೀರು ಹೋಗುತ್ತದೆ. ವಾಂತಿಭೇದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅದೇ ದಿನ ವೈದ್ಯರಿಗೆ ತಿಳಿಸಿ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತರಬೇಡಿ. ಈ ಮಾತ್ರೆಗಳ ಜೊತೆ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.