ಗಟ್ಟಿ ಫೇವರಿಟ್ ಮೇಲೆ ದೊಡ್ಡ ಬಾಜಿ: ಶೋ, ವಿನ್, ಇಲ್ಲವೇ ಎದುರು ಕುದುರೆಗಳ ಶೋ?

ಬೆಂಗಳೂರು ರೇಸ್‌ಕೋರ್ಸ್‌ನಲ್ಲಿ ‘ಪ್ಲೇಸ್’ ಟಿಕೆಟ್ ಕೊಂಡವರಿಗೆ ಅಮೆರಿಕದ ‘ಶೋ’ ಬೇಗ ಅರ್ಥವಾಗುತ್ತದೆ: ಕುದುರೆ ಮೊದಲ ಮೂರರಲ್ಲಿ ಬಂದರೆ ಸಾಕು. ಆದರೆ ಗಟ್ಟಿ ಫೇವರಿಟ್‌ಗೆ, ಅಂದರೆ ಹೆಚ್ಚಿನವರು ದುಡ್ಡು ಕಟ್ಟಿದ ಕುದುರೆಗೆ, 2 ಡಾಲರ್‌ಗೆ ಅಸಲೂ ಸೇರಿ ಸಾಮಾನ್ಯವಾಗಿ 2.10 ಅಷ್ಟೇ. ಗೇಟಿನಲ್ಲಿ ಎಡವಿ ನಾಲ್ಕನೆಯದಾದರೆ 20 ಗೆಲುವಿನ ಲಾಭ ಒಂದೇ ಏಟಿಗೆ ಹೋಯಿತು. 21ರಲ್ಲಿ 20 ಸಲ ಗೆದ್ದರೂ ಕೈಗೆ ಬರುವುದು ಅಸಲು ಮಾತ್ರ.

‘ವಿನ್’ ಎಂದರೆ ಕುದುರೆ ಮೊದಲನೆಯದಾಗಿಯೇ ಬರಬೇಕು. 2 ಡಾಲರ್‌ಗೆ 2.80 ಕೊಡುವ ವಿನ್‌ನಲ್ಲಿ ನಷ್ಟವಾಗದಿರಲು 100ರಲ್ಲಿ 72 ಗೆಲುವು ಸಾಕು. ಮೊದಲೇ ಬರುತ್ತದೆಂಬ ಭರವಸೆಯಿದ್ದರೆ ಇದೇ ಮೇಲು.

ಶೋ ಪೂಲ್‌ನ (ಶೋ ಬಾಜಿಗೆ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿನ) ಬಹುಪಾಲು ಒಂದೇ ಕುದುರೆ ಮೇಲಿದ್ದು, ಅದರ ಕಾಲಿನ ಬಗ್ಗೆ ಅನುಮಾನವಿದ್ದರೆ ಉಳಿದವುಗಳ ಮೇಲೆ ಸಣ್ಣ ಶೋ ಹಾಕಿ. ಅದು ಜಾರಿದರೆ ಆ ದುಡ್ಡು ಇವಕ್ಕೆ ಹಂಚಿಕೆ. ಜಾರದಿದ್ದರೆ ಸಿಗುವುದು ಚಿಲ್ಲರೆಯೇ.

ನಮ್ಮಲ್ಲಿ ಬಾಜಿಯ ಪೂರ್ತಿ ಮೊತ್ತಕ್ಕೆ ಜಿಎಸ್‌ಟಿ ಇರುವುದರಿಂದ 5% ಲಾಭದ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ.